ಓಡುವ ಹಂದಿ ಕಟ್ಟಿದ ಜಮಾದಾರರು

ನಾನು ಕಂಡವರಲ್ಲಿ ಮರದ ಹಂದಿಯನ್ನು ತಂತಿಯ ಮೇಲೆ ಓಡಿಸಿದವರು ಅವರೊಬ್ಬರೇ. ಓಡಿಸಿದ್ದು ಆಟಕ್ಕಲ್ಲ. ಊರಿನವರು ಮಾತ್ರ ಮೊದಮೊದಲು ಆಟವೆಂದೇ ತಿಳಿದರು. ನಾನೂ ಹಾಗೇ ತಿಳಿದಿದ್ದೆ. ಮೊನ್ನೆ ಅವರು ತೀರಿಕೊಂಡ ಸುದ್ದಿ ಬಂದಾಗ ಅವರ ಪದಕಗಳಾಗಲಿ ತೋಟವಾಗಲಿ ನನ್ನ ನೆನಪಿಗೆ ಬರಲಿಲ್ಲ. ಗದ್ದೆಯ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಹಗ್ಗದ ಗಂಟು ಬಿಚ್ಚುತ್ತ, ಹಲಗೆಯ ಹಂದಿಯನ್ನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದ ಮನುಷ್ಯ ನೆನಪಿಗೆ ಬಂದರು.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ ಅದು. ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದೆ. ನಮ್ಮ ಮನೆಯವರು ಹಾಸನದ ಕಡೆಯಿಂದ ಬಂದು ಕೊಡಗಿನ ಗಡಿಯ ಹೊಳೆಯ ಈಚೆ ರಾಗಿ, ಹೊಗೆಸೊಪ್ಪು ಬೆಳೆದುಕೊಂಡಿದ್ದವರು. ಕೋವಿ ಎಂದರೆ ನಮಗೆ ಪೊಲೀಸಿನವರ ಹೆಗಲ ಮೇಲೆ ಇರುವ ವಸ್ತು. ಇಲ್ಲಿ ಕೊಡವರ ಮನೆಗಳಲ್ಲಿ ನೋಡಿದರೆ ಕೊಡೆಯ ಪಕ್ಕದಲ್ಲಿ ಕೋವಿ ನೇತಾಡುತ್ತಿತ್ತು. ಲೈಸೆನ್ಸಿನ ಮಾತೇ ಇಲ್ಲ. ಮೊದಲ ಸಲ ಅಂಥ ಜಗಲಿಯಲ್ಲಿ ಕಾಫಿ ಕುಡಿಯುವಾಗ ನಾನು ಕೋವಿಯ ಬಾಯಿ ಯಾವ ಕಡೆಗಿದೆ ಎಂದು ನೋಡಿಕೊಂಡೇ ಕೂತಿದ್ದೆ.

ಎಸ್ಟೇಟಿನ ಬೇಲಿ ದಾಟಿದರೆ ಈ ಹಂದಿ ಓಡಿಸಿದವರ ಗದ್ದೆ. ಪಟ್ಟಾಳದಲ್ಲಿ ಜಮಾದಾರರಾಗಿದ್ದು, ಬರ್ಮಾದ ಕಡೆ ಯುದ್ಧ ಮುಗಿಸಿ ಊರಿಗೆ ಬಂದವರು. ಊರಿನಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಎಲ್ಲರಿಗೂ ಜಮಾದಾರರೇ. ನಾಯಿಗಳ ಹತ್ತಿರ ಹಿಂದೂಸ್ತಾನಿ, ಹೆಂಡತಿಯ ಹತ್ತಿರ ಕೊಡವ ಮಾತು, ನನ್ನ ಹತ್ತಿರ ಕನ್ನಡ. ಮೂರರಲ್ಲೂ ಒಂದೇ ದನಿ, ಅಪ್ಪಣೆಯ ದನಿ. ನಾಯಿಗಳು ಮಾತ್ರ ಕೇಳುತ್ತಿದ್ದವು.

ಉದ್ದ ಅಳೆಯುವುದೆಲ್ಲ ಕೋವಿಯ ಲೆಕ್ಕದಲ್ಲಿ. ಬಾವಿ ಎಷ್ಟು ಆಳ ಎಂದರೆ ಇಷ್ಟು ಕೋವಿ, ಹೊಸ ಕೊಟ್ಟಿಗೆ ಎಷ್ಟು ಅಗಲ ಎಂದರೆ ಇಷ್ಟು ಕೋವಿ. ಒಮ್ಮೆ ನಮ್ಮ ಎಸ್ಟೇಟಿನ ಬಡಗಿ ಟೇಪು ಹಿಡಿದುಕೊಂಡು ಬಂದದ್ದಕ್ಕೆ, "ಅದು ದರ್ಜಿಯವನ ಸಾಮಾನು, ಒಳಗಿಡು" ಎಂದು ಹೇಳಿ, ಜಗಲಿಯಿಂದ ಕೋವಿ ತರಿಸಿ, ಮಲಗಿಸಿ ಮಲಗಿಸಿ ಅಳೆದು ಕೊಟ್ಟರು. ಆ ಕೊಟ್ಟಿಗೆಯ ಬಾಗಿಲು ಇವತ್ತಿಗೂ ಸರಿಯಾಗಿ ಮುಚ್ಚುವುದಿಲ್ಲ ಎಂದು ಕೇಳಿದ್ದೇನೆ.

ಅವರದೊಂದು ಮಾತಿತ್ತು, ನನಗೆ ಅದರ ರುಚಿ ಬೇಗ ಸಿಕ್ಕಿತು. ಒಂದು ದಿನ ನಮ್ಮ ಕಾಫಿ ನರ್ಸರಿಗೆ ದನ ನುಗ್ಗಿ ಸಸಿ ತುಳಿದಿತ್ತು. ಎಸ್ಟೇಟಿನ ದೊರೆ ನನ್ನ ಮೇಲೆ ಹಾರಾಡಿದರು, ನಾನು ಹೋಗಿ ಜಮಾದಾರರ ಮುಂದೆ ನಿಂತೆ.

"ನಿಮ್ಮ ದನ ನಮ್ಮ ನರ್ಸರಿಗೆ ಬಂದಿತ್ತು."

"ನೀವು ಕಂಡಿರಾ?"

"ಗೊರಸಿನ ಗುರುತು ಉಂಟು, ನಿಮ್ಮ ಕಡೆಯಿಂದಲೇ ಬಂದಿದೆ."

"ಗುರುತು ಕಂಡಿರಿ. ದನ ನಂದು ಅಂತ ಅನಿಸಿತು. ಕಂಡದ್ದು ಹೇಳಿ ರೈಟರೇ, ಅನಿಸಿದ್ದು ಬೇಡ."

ನಾನು ಮುಖ ಕೆಳಗೆ ಹಾಕಿಕೊಂಡು ವಾಪಸು ಬಂದೆ. ಮಾರನೇ ದಿನ ಬೆಳಿಗ್ಗೆ ನೋಡಿದರೆ ಮನುಷ್ಯ ನಮ್ಮ ಬೇಲಿಗೆ ತಾನೇ ಗೂಟ ಹೊಡೆಯುತ್ತಿದ್ದಾರೆ. "ನಂದೇ ದನ. ಇವತ್ತು ಕಂಡೆ" ಎಂದರು. ಕ್ಷಮೆ ಗಿಮೆ ಏನಿಲ್ಲ. ಆದರೆ ಗೂಟ ಗಟ್ಟಿಯಾಗಿತ್ತು. ಆವತ್ತಿನಿಂದ ನನಗೆ ಅವರ ಮೇಲೆ ಒಂದು ಥರದ ಪ್ರೀತಿ ಹುಟ್ಟಿತು ಎಂದೇ ಹೇಳಬೇಕು.

ಅವರಿಗೆ ಮಕ್ಕಳಿರಲಿಲ್ಲ. ಅಕ್ಕನ ಮಗ ಪೊನ್ನಪ್ಪನನ್ನು ತಂದು ಸಾಕಿದ್ದರು. ನಾನು ಅಲ್ಲಿಗೆ ಹೋಗುವ ಹೊತ್ತಿಗೆ ಅವನು ನನ್ನ ವಯಸ್ಸಿನ ಗಂಡಸು. ಮಾತು ಕಡಿಮೆ, ಕೆಲಸ ಜಾಸ್ತಿ. ಕೋವಿ ಹಿಡಿಯಲು ಕಲಿಸಿದವರು ಮಾವನೇ. ಅವನ ಗುರಿಯ ಬಗ್ಗೆ ಜಮಾದಾರರು ಎದುರಿಗೆ ಬೈದು ಹಿಂದೆ ಹೊಗಳುತ್ತಿದ್ದರು.

ಕೈಲ್‌ಪೊಳ್ದ್ ಎಂದರೆ ನಾಟಿಯ ಕೆಲಸವೆಲ್ಲ ಮುಗಿದ ಮೇಲೆ ಬರುವ ಆಯುಧದ ಹಬ್ಬ. ಗದ್ದೆಯ ಕೆಲಸ ಶುರುವಾಗುವಾಗ ದೇವರ ಕೋಣೆ ಸೇರಿದ ಕೋವಿಗಳು ಆ ದಿನ ಹೊರಗೆ ಬರುತ್ತವೆ. ಪೂಜೆ, ಊಟ, ಆಮೇಲೆ ಊರಿನವರೆಲ್ಲ ಸೇರಿ ಹಂದಿ ಬೇಟೆ. ಕೋವಿಯವರು ಹಂದಿ ದಾಟುವ ಕಂಡಿಗಳಲ್ಲಿ ನಿಲ್ಲುತ್ತಾರೆ. ಕೆಲಸದಾಳುಗಳು ನಾಯಿ ಬಿಟ್ಟುಕೊಂಡು, ಕೂಗು ಹಾಕುತ್ತ, ಪೊದೆ ಬಡಿದು ಹಂದಿ ಎಬ್ಬಿಸುತ್ತ ಕಾಡಿನ ಹಳು ಸೋವಿಕೊಂಡು ಬರುತ್ತಾರೆ. ಹಂದಿ ಹೊಡೆದವನಿಗೆ ಹಂದಿಯ ತಲೆ. ಉಳಿದದ್ದು ಎಲ್ಲರಿಗೂ ಪಾಲು.

ಆ ವರ್ಷ ಮಾವ, ಅಳಿಯ ಒಂದೇ ಕಂಡಿಯಲ್ಲಿ ನಿಂತಿದ್ದರು. ಮಳೆ ಪೂರ್ತಿ ಬಿಟ್ಟಿರಲಿಲ್ಲ. ಸೋವುವವರೆಲ್ಲ ಕರಿ ಕಂಬಳಿಯ ಕೊಪ್ಪೆ ತಲೆಯಿಂದ ಹೊದ್ದಿದ್ದರು. ಲಂಟಾನದ ಒಳಗಿನಿಂದ ಹಂದಿ ಬಂತು. ಇಬ್ಬರೂ ಈಡು ಹಾರಿಸಿದ್ದು ಒಂದೇ ಸದ್ದಿನ ಹಾಗೆ ಕೇಳಿಸಿತಂತೆ. ಹಂದಿ ಬಿತ್ತು. ಅದರ ಹಿಂದೆಯೇ ಬಗ್ಗಿಕೊಂಡು ಪೊದೆಯಿಂದ ಹೊರಬರುತ್ತಿದ್ದ ಮುತ್ತನೂ ಬಿದ್ದ. ಮುತ್ತ ಜಮಾದಾರರ ಗದ್ದೆಯ ಆಳು. ಗುಂಡು ತೊಡೆಗೆ ಹೊಕ್ಕಿತ್ತು. ಎಸ್ಟೇಟಿನ ಲಾರಿಯಲ್ಲಿ ಅವನನ್ನು ಮಡಿಕೇರಿಗೆ ಸಾಗಿಸಿದ್ದು ನಾನೇ. ಜೀವ ಉಳಿಯಿತು, ಕಾಲು ಕುಂಟಾಯಿತು.

ಯಾರ ಗುಂಡು ಹಂದಿಗೆ, ಯಾರದ್ದು ಮುತ್ತನಿಗೆ? ಎರಡೂ ಒಂದೇ ಥರದ ತೋಟೆ ಕೋವಿ, ತೋಟೆ ತಂದದ್ದೂ ಒಂದೇ ಅಂಗಡಿಯಿಂದ. ಊರಿನ ಹಿರಿಯರು ಸೇರಿ ಕೂತಾಗ ಒಬ್ಬರು, "ಜಮಾದಾರರ ಗುರಿ ತಪ್ಪುವುದುಂಟಾ?" ಎಂದರು. ಅಷ್ಟಕ್ಕೇ ಮುತ್ತನಿಗೆ ಹೊಡೆದವನು ಪೊನ್ನಪ್ಪ ಎಂದು ತೀರ್ಮಾನವಾಯಿತು. ಪೊನ್ನಪ್ಪ ಮಾವನ ಮುಖ ನೋಡಿದ. ಮಾವ ನೆಲ ನೋಡುತ್ತಿದ್ದರು. ಅಳಿಯನ ಅವಮಾನ ಕಣ್ಣಿನಲ್ಲಿ ನೋಡಲಾರದೆ ಹಾಗೆ ಕೂತಿದ್ದಾರೆ ಎಂದುಕೊಂಡೆವು. ಹಂದಿಯ ತಲೆ ಮಾವನ ಪಾಲಿಗೆ ಹೋಯಿತು.

ಪೊನ್ನಪ್ಪ ಕೋವಿ ಮುಟ್ಟುವುದನ್ನೇ ಬಿಟ್ಟ. ಅಲ್ಲಿಯವರ ಪೈಕಿ ಒಬ್ಬ ಗಂಡಸು ಕೋವಿ ಬಿಟ್ಟರೆ ಅದು ಸಣ್ಣ ಸಂಗತಿಯಲ್ಲ. ಮದುವೆಗೆ ಹೋದರೂ ಸಾವಿಗೆ ಹೋದರೂ ಕೋವಿ ಎದುರಾಗುತ್ತದೆ, ಅವನು ಅಲ್ಲೆಲ್ಲ ಮೂಲೆ ಸೇರಬೇಕು. ಸುಂಟಿಕೊಪ್ಪದ ಕಾಫಿ ಅಂಗಡಿಯಲ್ಲಿ ಅವನು ಹೊಸ್ತಿಲು ದಾಟಿದರೆ ಯಾರಾದರೊಬ್ಬರು, "ಪೊನ್ನಪ್ಪ ಬಂದ, ಕಂಬಳಿ ತೆಗೀರಪ್ಪ" ಅನ್ನುವುದು, ಉಳಿದವರು ಲೋಟದೊಳಗೆ ನಗುವುದು. ಅವನು ಅಲ್ಲಿಗೆ ಹೋಗುವುದನ್ನೂ ಬಿಟ್ಟ. ಮನೆಯಲ್ಲಿ ಊಟಕ್ಕೆ ಕೂತರೆ ತಲೆ ಎತ್ತುವುದಿಲ್ಲ ಎಂದು ಜಮಾದಾರರ ಹೆಂಡತಿ ನನ್ನ ಹತ್ತಿರ ಕಣ್ಣೀರು ಹಾಕಿದರು.

ಸುಗ್ಗಿ ಮುಗಿದು ಗದ್ದೆ ಖಾಲಿಯಾದ ಮೇಲೆ ಜಮಾದಾರರು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ನಮ್ಮ ಪಲ್ಪರ್ ಮನೆಗೆ ಬಂದರು. ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಸಣ್ಣ ಚಕ್ರಗಳನ್ನು ಕಾಲಿನಲ್ಲಿ ಒದ್ದು ನೋಡಿ, "ದೊರೆ ಹತ್ತಿರ ಕೇಳಿ ಇದನ್ನು ಕೊಡಿಸಿ" ಎಂದರು.

"ಎಂಥಕ್ಕೆ?"

"ಹಂದಿ ಓಡಿಸ್ಲಿಕ್ಕೆ. ಹುಡುಗನ ಕಣ್ಣು ಪಳಗಿಸ್ಬೇಕು. ಬರುವ ಕೈಲ್‌ಪೊಳ್ದ್‌ಗೆ ಅವನು ಕೋವಿ ಹಿಡಿದು ನಿಲ್ಲಬೇಕು ರೈಟರೇ. ಇಲ್ಲದಿದ್ರೆ ಅವನು ಮನುಷ್ಯನಾಗಿ ಉಳಿಯೋದಿಲ್ಲ."

ಗದ್ದೆಯ ಆಚೆ ಎತ್ತರದ ಮಣ್ಣಿನ ಬರೆ ಇತ್ತು. ಗುರಿ ತಪ್ಪಿದರೂ ಗುಂಡು ಮಣ್ಣಿಗೆ ಹೋಗುವ ಜಾಗ. ಬರೆಯ ಮುಂದೆ ಒಂದು ಹಲಸಿನ ಮರದಿಂದ ಇನ್ನೊಂದು ಮರಕ್ಕೆ ಬೇಲಿ ತಂತಿ ಎಳೆದರು, ಒಂದು ತುದಿ ಮೇಲೆ, ಒಂದು ತುದಿ ಕೆಳಗೆ. ಪೆಟ್ಟಿಗೆ ಹಲಗೆಯಲ್ಲಿ ಹಂದಿ ಕೊಯ್ದು, ಡಾಂಬರು ಬಳಿದು, ಚಕ್ರಗಳಿಗೆ ಕಟ್ಟಿ ತಂತಿಗೆ ತೂಗುಹಾಕಿದರು. ಮೇಲಿನ ತುದಿಯಲ್ಲಿ, ಬರೆಯ ತಿರುವಿನ ಹಿಂದೆ ಆಳವಾದ ಗುಂಡಿ. ಪಟ್ಟಾಳದಲ್ಲಿ ಗುರಿಹಲಗೆ ಎತ್ತುವವರು ಕೂರುವಂಥದ್ದು. ಅದರಲ್ಲಿ ಕೂತು ಹಗ್ಗ ಬಿಡುವ ಕೆಲಸ ಮುತ್ತನದು. ಕುಂಟುಗಾಲಿನವನಿಗೆ ನಾಟಿ, ಉಳುಮೆ ಆಗುತ್ತಿರಲಿಲ್ಲ. ಈ ಕೆಲಸ ಅವನಿಗೆ ಬಹಳ ಹಿಡಿಸಿತು.

ಮೊದಲ ದಿನ ಹಗ್ಗ ಬಿಟ್ಟದ್ದೇ ತಡ, ಹಂದಿ ಕಣ್ಣಿಗೂ ಕಾಣದ ವೇಗದಲ್ಲಿ ಬಂದು ಕೆಳಗಿನ ಮರಕ್ಕೆ ಹೊಡೆದು ಮೂತಿ ಮುರಿದುಕೊಂಡಿತು. ಗುಂಡಿಯೊಳಗಿಂದ ಮುತ್ತ ನಗುವುದು ಕೇಳಿಸಿತು. ಜಮಾದಾರರು ಹಂದಿಗೆ ಹಿಂದೂಸ್ತಾನಿಯಲ್ಲಿ ಬೈದು, ಅದರ ಹಿಂದೆ ಮರಳಿನ ಗೋಣಿ ಕಟ್ಟಿದರು, ನೆಲದಲ್ಲಿ ಎಳೆದುಕೊಂಡು ಬರಲಿ ಎಂದು. ಈಗ ಹಂದಿ ನಿಂತು ನಿಂತು ಬಂತು. "ಇದು ಹಂದಿಯಲ್ಲ, ತುಂಬು ಗಬ್ಬದ ಎಮ್ಮೆ" ಎಂದು ಮರಳು ಸುರಿದು ಕಡಿಮೆ ಮಾಡಿದರು. ಆಮೇಲೆ ತಂತಿ ನಡುವೆ ಜೋತುಬಿತ್ತು. ಬಿಗಿಮಾಡೋಣವೆಂದು ನಾನೇ ಎದ್ದೆ. ಅವರು ತಡೆದರು. "ಬಿಡಿ, ಬಿಡಿ. ನಿಜವಾದ ಹಂದಿಯೂ ಹೀಗೇ ತಗ್ಗಿ ಎದ್ದು ಓಡ್ತದೆ." ತಂತಿಯ ಮುಂದೆ ಅಲ್ಲಲ್ಲಿ ಲಂಟಾನದ ಕೊಂಬೆ ನೆಟ್ಟರು. ಹಂದಿ ಒಮ್ಮೆ ಕಂಡು, ಒಮ್ಮೆ ಮರೆಯಾಗಿ, ಮತ್ತೆ ಕಾಣಿಸಿಕೊಂಡು ಓಡತೊಡಗಿತು.

ಪೊನ್ನಪ್ಪನನ್ನು ಕರೆತರುವುದು ಹಂದಿ ಓಡಿಸುವುದಕ್ಕಿಂತ ಕಷ್ಟವಾಯಿತು. ಬಂದ, ಕೋವಿ ಹಿಡಿದ, ಇಟ್ಟು ಹೋದ. ಮತ್ತೆ ಬಂದ. ನಾಲ್ಕಾರು ದಿನದಲ್ಲಿ ಹಲಗೆಯ ತುಂಬ ತೂತು ಬಿತ್ತು. ಜಮಾದಾರರು ಹಿಗ್ಗಿ ಹೀರೇಕಾಯಿಯಾದರು.

ಅವರ ಹೆಂಡತಿ ಗದ್ದೆಗೆ ಕಾಫಿ ತಂದವರು ಸ್ವಲ್ಪ ಹೊತ್ತು ನೋಡಿ, "ಹಂದಿ ಒಂದನ್ನೇ ಓಡಿಸ್ತಾ ಇದ್ದೀರಿ. ಹಂದಿ ಒಂದೇ ಬಂದಿದ್ರೆ ಮುತ್ತನ ಕಾಲು ಹೋಗ್ತಿತ್ತಾ?" ಎಂದರು.

ಜಮಾದಾರರು ಲೋಟ ಕೆಳಗಿಟ್ಟರು. ಸಾಯಂಕಾಲದೊಳಗೆ ಇನ್ನೊಂದು ಹಲಗೆ ತಯಾರಾಯಿತು: ಬಗ್ಗಿದ ಮನುಷ್ಯನ ಆಕಾರ, ಅದರ ಮೇಲೆ ಕರಿ ಕಂಬಳಿಯ ಕೊಪ್ಪೆ. ಕಂಬಳಿ ಕೊಟ್ಟವನು ಮುತ್ತ. ಹಂದಿಯನ್ನು ಬಿಡುವುದೋ ಕೊಪ್ಪೆಯನ್ನು ಬಿಡುವುದೋ ಎಂಬುದು ಇನ್ನು ಮುತ್ತನ ಮರ್ಜಿ. ಹಂದಿಗೆ ಹೊಡೆಯಬೇಕು, ಕೊಪ್ಪೆ ಬಂದರೆ ಕೋವಿ ಇಳಿಸಬೇಕು. ನೋಡುವುದಕ್ಕೆ ಎರಡೂ ಕರಿ, ಎರಡೂ ಕುಳ್ಳು. ವ್ಯತ್ಯಾಸ ಸಣ್ಣದು: ಕೊಪ್ಪೆಯ ಕೆಳಗೆ ಎರಡು ಕಾಲು, ಹಂದಿಗೆ ಮೂತಿ. ಅದು ಕಣ್ಣಿಗೆ ಬೀಳುವವರೆಗೆ ಬೆರಳು ತಾಳಬೇಕು. ಪೊನ್ನಪ್ಪ ಮೊದಲೆರಡು ದಿನ ಒಂದಕ್ಕೂ ಹೊಡೆಯಲಿಲ್ಲ. ಆಮೇಲೆ ಹಂದಿಗೆ ಮಾತ್ರ ಹೊಡೆದ.

ಗದ್ದೆಯ ಉಳುಮೆ ಶುರುವಾಗಿ ಕೋವಿಗಳು ದೇವರ ಕೋಣೆ ಸೇರುವ ಮೊದಲು ಜಮಾದಾರರು ಊರಿನ ಹಿರಿಯರನ್ನೂ ಕೋವಿ ಹಿಡಿಯುವವರನ್ನೂ ಗದ್ದೆಗೆ ಕರೆದರು. ಬದುವಿನ ಮೇಲೆ ನಿಂತು ಹೇಳಿದರು: "ಇವತ್ತು ಎಲ್ಲರೂ ನಿಲ್ಲಬೇಕು. ಕೊಪ್ಪೆಗೆ ಹೊಡೆದವನು ಕೈಲ್‌ಪೊಳ್ದ್‌ಗೆ ಕೋವಿ ತೆಗೆಯುವ ಹಾಗಿಲ್ಲ. ಯಾರೇ ಆಗಲಿ." ಹಿರಿಯರು ಒಪ್ಪಿದರು. "ಬಿಡು" ಎಂದು ಮುತ್ತನಿಗೆ ಕೂಗಿ ಹೇಳುವ ಕೆಲಸ ನನಗೆ ಬಂತು. ಕೋವಿ ಗೊತ್ತಿಲ್ಲದವನು, ಯಾರ ಕಡೆಯವನೂ ಅಲ್ಲ ಎಂದು.

ಪೊನ್ನಪ್ಪನ ಸರದಿ ಮೊದಲು. ಹಂದಿ ಬಂತು, ಹೊಡೆದ. ಕೊಪ್ಪೆ ಬಂತು, ಕೋವಿ ಇಳಿಸಿದ. ಮತ್ತೆ ಕೊಪ್ಪೆ, ಮತ್ತೆ ಇಳಿಸಿದ. ಕಾಫಿ ಅಂಗಡಿಯಲ್ಲಿ ನಗುತ್ತಿದ್ದವರ ಪೈಕಿ ಇಬ್ಬರು ಕೊಪ್ಪೆಗೇ ಹೊಡೆದು ಪೆಚ್ಚಾದರು. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಜಮಾದಾರರ ಮುಖವಂತೂ ಹಬ್ಬದ ಮುಖ.

"ಇನ್ನು ನೀವೊಂದು ಹೊಡೆಯಿರಿ, ನೋಡುವ" ಎಂದರು ಒಬ್ಬ ಹಿರಿಯರು. ಹೊಸ ಯಂತ್ರಕ್ಕೆ ಮಾಡಿದವರ ಕೈಯಿಂದಲೇ ಮಂಗಳ ಆಗಲಿ ಎಂಬ ಹಾಗೆ. ಇಷ್ಟು ದಿನ ಅವರು ಕಲಿಸಿದ್ದರೇ ಹೊರತು ಒಮ್ಮೆಯೂ ಹೊಡೆದಿರಲಿಲ್ಲ. ನಗುತ್ತಲೇ ಕೋವಿ ತೆಗೆದುಕೊಂಡರು. ನಾನು "ಬಿಡು" ಎಂದು ಕೂಗಿದೆ.

ಲಂಟಾನದ ಸಂದಿನಲ್ಲಿ ಕರಿ ಆಕಾರವೊಂದು ತಗ್ಗಿ ಎದ್ದು ಓಡಿತು. ಅವರು ಹೊಡೆದರು. ಗುರಿ ಸರಿಯಾಗಿಯೇ ಇತ್ತು, ಹಲಗೆಯ ನಟ್ಟನಡುವೆ. ಕಂಬಳಿಯ ತುಂಡುಗಳು ಹಾರಿದವು.

ಹೊಡೆದವರು ಯಾರೆಂದು ಗುಂಡಿಯಲ್ಲಿದ್ದ ಮುತ್ತನಿಗೆ ಕಾಣುವಂತಿರಲಿಲ್ಲ. ಅವನು ಮೇಲೆ ಬಂದು, ಕುಂಟುತ್ತ ಹೋಗಿ, ತನ್ನ ಕಂಬಳಿಯ ತೂತಿನೊಳಗೆ ಬೆರಳು ತೂರಿಸಿ, ಹಲ್ಲು ಬಿಟ್ಟು ನಗುತ್ತ, "ಯಾರ್ದು ಇದು? ನನ್ನ ಇನ್ನೊಂದ್ಸಲ ಕೊಂದವ್ರು ಯಾರು?" ಎಂದ.

"ನಂದು" ಎಂದರು ಜಮಾದಾರರು. ಕೋವಿ ಮಡಚಿ ಖಾಲಿ ತೋಟೆ ತೆಗೆದರು. ಆಮೇಲೆ ಹೇಳಿದರು: "ಹೋದ ವರ್ಷದ್ದೂ ನಂದೇ."

ಹಿರಿಯರು ಗಡಬಡಿಸಿದರು. ಒಂದು ಗುರಿ ತಪ್ಪಿದ್ದಕ್ಕೆ ಹಾಗೆಲ್ಲ ಹೇಳುವುದಾ, ಬಿಸಿಲು ಕಣ್ಣಿಗೆ ಹೊಡೆಯಿತು, ಹಲಗೆಗೂ ಹಂದಿಗೂ ಎಲ್ಲಿಯ ಸಾಟಿ. ಜಮಾದಾರರು ಕೈ ಎತ್ತಿ ತಡೆದರು.

"ಹೋದ ವರ್ಷ ನಾನು ಕಂಡದ್ದು ಒಂದು ಕರಿ. ಹಂದಿ ಅಂತ ಅನಿಸಿತು, ಹೊಡೆದೆ. ಇವತ್ತೂ ಅಷ್ಟೇ. ನನ್ನ ಗುರಿ ತಪ್ಪುವುದಿಲ್ಲ ಅಂತ ನೀವು ಹೇಳಿದ್ರಿ, ಹೌದು ಅಂತ ನನಗೂ ಅನಿಸಿತು. ನನಗೆ ಈಗ ಕಣ್ಣಿಗೆ ಎಲ್ಲ ಬರೀ ಆಕಾರ."

ಆಗ ನನಗೆ ಒಂದೊಂದೇ ಹೊಳೆಯಿತು. ಪತ್ರ ಬಂದರೆ ನನ್ನ ಕೈಯಲ್ಲಿ ಓದಿಸುತ್ತಿದ್ದುದು, ಒಮ್ಮೆ ರಸ್ತೆ ಬದಿಯ ಮೈಲಿಗಲ್ಲಿಗೆ "ಯಾರೋ ಅದು, ಏಳು" ಎಂದು ಗದರಿ ಆಮೇಲೆ ತಾವೇ ನಕ್ಕಿದ್ದು. ಸೋಮಾರಿತನ, ತಮಾಷೆ ಎಂದುಕೊಂಡಿದ್ದೆ. ಕಣ್ಣಿಗೆ ಪೊರೆ ಬಂದಿತ್ತು. ಅವರಿಗೇ ಎಷ್ಟು ಗೊತ್ತಿತ್ತೋ, ಎಷ್ಟು ಗೊತ್ತಿರಬಾರದು ಅಂದುಕೊಂಡಿದ್ದರೋ, ನಾನು ಹೇಳಲಾರೆ.

ಮುತ್ತ ಕಂಬಳಿ ಹಿಡಿದುಕೊಂಡೇ ನಿಂತಿದ್ದ. ನಗು ಇಳಿದಿತ್ತು. "ಹಾಗಾದ್ರೆ ಹಂದಿ ತಲೆ ಪೊನ್ನಪ್ಪಣ್ಣಂಗೆ ಹೋಗ್ಬೇಕಿತ್ತಲ್ಲ, ಒಡೆಯ" ಎಂದ. ಬೇರೆ ಏನನ್ನೂ ಅವನು ಕೇಳಲಿಲ್ಲ. ಜಮಾದಾರರು ತಲೆ ತಗ್ಗಿಸಿದರು.

ಪೊನ್ನಪ್ಪ ತನ್ನ ಕೋವಿಯನ್ನು ಬದುವಿನ ಮೇಲೆ ಇಟ್ಟು, ಯಾರ ಮುಖವನ್ನೂ ನೋಡದೆ, ಗದ್ದೆ ದಾಟಿ ಹೊರಟುಹೋದ. ಮಾವ ಕರೆದರು, ತಿರುಗಲಿಲ್ಲ. ಅವನ ಸಿಟ್ಟು ನ್ಯಾಯವಾದದ್ದು. ಹೆಚ್ಚುಕಡಿಮೆ ಒಂದು ವರ್ಷ ಊರಿನವರ ನಗುವನ್ನೆಲ್ಲ ನುಂಗಿದವನು ಅವನು, ಅದೂ ಇನ್ನೊಬ್ಬರ ಪಾಲಿನದನ್ನು. ಅಮ್ಮನ ಮನೆಗೆ ಹೋಗಿ ಮಳೆಗಾಲವೆಲ್ಲ ಅಲ್ಲೇ ಉಳಿದ. ಜಮಾದಾರರು ಕರೆಯಲು ಹೋಗಲಿಲ್ಲ. "ಯಾವ ಮುಖ ಇಟ್ಟುಕೊಂಡು ಹೋಗಲಿ ರೈಟರೇ" ಎಂದರು. ಅಪ್ಪಣೆಯ ದನಿ ಆಗ ಅವರಲ್ಲಿ ಇರಲಿಲ್ಲ. ನನಗೆ ಅದನ್ನು ಕೇಳಿ ಸಂಕಟವಾಯಿತು.

ಕೈಲ್‌ಪೊಳ್ದ್ ದಿನ ಬೆಳಿಗ್ಗೆ ಪೊನ್ನಪ್ಪ ಬಂದ. ಏಕೆ ಬಂದೆ ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಬಾಯಿಗೆ ತೋಕ್ ಹೂ, ಅಂದರೆ ಕೋವಿ ಹೂ, ಸಿಕ್ಕಿಸಿದ ಕೋವಿಗಳು ದೀಪದ ಮುಂದೆ ಸಾಲಾಗಿದ್ದವು. ಪೂಜೆ ಮುಗಿಸಿ ಜಮಾದಾರರು ತಮ್ಮ ಕೋವಿಯನ್ನೇ ಎತ್ತಿ ಅಳಿಯನ ಕೈಗೆ ಕೊಟ್ಟರು. ಅವನು ತೆಗೆದುಕೊಂಡು, ಮಾವನ ಕಾಲು ಮುಟ್ಟಿದ. ಆಮೇಲೆ ಜಮಾದಾರರು ಜಗಲಿಗೆ ಬಂದು ಮಾಡಿದ ಕೆಲಸ ಕಂಡು ಊರೇ ಬಾಯಿ ಬಿಟ್ಟಿತು. ಗೂಟದಲ್ಲಿದ್ದ ಕರಿ ಕಂಬಳಿ ತೆಗೆದು, ಕೊಪ್ಪೆ ಮಾಡಿ ತಲೆಯ ಮೇಲೆ ಹೊದ್ದು, ಕೋಲೊಂದು ಹಿಡಿದು, ಹಳು ಸೋವುವವರ ಸಾಲಿಗೆ ಹೋಗಿ ಮುತ್ತನ ಪಕ್ಕದಲ್ಲಿ ನಿಂತರು. ಹಿರಿಯರು ಬೇಡ ಎಂದರು, ಹೆಂಡತಿ ಬೇಡ ಎಂದರು. "ಕೋವಿ ಇಲ್ಲದವನಿಗೆ ಇದೇ ಜಾಗ" ಎಂದರು.

ಪೊನ್ನಪ್ಪ ಕಂಡಿಗೆ ಹೋಗುವಾಗ "ನೀವೂ ಬನ್ನಿ ರೈಟರೇ" ಎಂದ. ಹೋದೆ, ಅವನ ಬೆನ್ನ ಹಿಂದೆ ಒಂದು ಮರಕ್ಕೆ ಆತು ನಿಂತೆ. ದೂರದಲ್ಲಿ ನಾಯಿ ಬೊಗಳುವುದು, ಸೋವುವವರ ಕೂಗು ಕೇಳುತ್ತಿತ್ತು. ಅದರಲ್ಲಿ ಒಂದು ಹಿಂದೂಸ್ತಾನಿ ಕೂಗೂ ಇತ್ತು, ಹತ್ತಿರ ಹತ್ತಿರ ಬರುತ್ತಿತ್ತು. ಆಮೇಲೆ ಅದು ನಿಂತಿತು. ಎದುರಿನ ಪೊದೆ ಅಲುಗಾಡಿತು. ಕರಿ ಬೆನ್ನೊಂದು ಕಂಡಿತು, ಮರೆಯಾಯಿತು, ಮತ್ತೆ ಕಂಡಿತು. ಪೊನ್ನಪ್ಪ ಕೋವಿ ಏರಿಸಿದ.

"ಮಾವಾ" ಎಂದು ಕರೆದ. ಉತ್ತರ ಇಲ್ಲ. ಇನ್ನೊಮ್ಮೆ ಕರೆದ. ಬೆರಳು ಕೋವಿಯ ಕುದುರೆಯ ಮೇಲೇ ಇತ್ತು. ಅದುಮಲಿಲ್ಲ.

ಪೊದೆ ಒಡೆದುಕೊಂಡು ಹೊರಬಂದದ್ದು ಹಂದಿ, ಕರುವಿನಷ್ಟು ದೊಡ್ಡದು. ಎಲ್ಲ ಕಾಣುವಷ್ಟರಲ್ಲಿ ತೋಡು ಹಾರಿ ಆಚೆ ಕಾಡಿಗೆ ಸೇರಿತ್ತು. ಆಚೆ ಕಂಡಿಯವರು "ಹೊಡಿ, ಹೊಡಿ" ಎಂದು ಅರಚಿದ್ದು ಆಮೇಲೆ ಕೇಳಿಸಿತು.

ಸ್ವಲ್ಪ ಹೊತ್ತಿಗೆ ಜಮಾದಾರರು ಅದೇ ಪೊದೆಯಿಂದ ಬಂದರು. ಕೈಯೆಲ್ಲ ಮುಳ್ಳು ಗೀರಿತ್ತು, ಏದುಸಿರು. ಬಂದವರೇ ಕೇಳಿದರು, ಅವರಿಬ್ಬರೂ ಕೊಡವ ಮಾತಿನಲ್ಲಿ ಆಡಿದ್ದು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ:

"ಈಡು ಯಾಕೆ ಕೇಳಲಿಲ್ಲ? ನಿನ್ನ ಕಡೆಗೇ ಬಂತಲ್ಲ."

"ಹಂದಿ ಅಂತ ಕಾಣಲಿಲ್ಲ, ಮಾವ. ಕರಿ ಮಾತ್ರ ಕಂಡಿತು."

ಜಮಾದಾರರು ಅಲ್ಲೇ ಒದ್ದೆ ನೆಲದ ಮೇಲೆ ಕೂತುಬಿಟ್ಟರು. ಕಂಬಳಿಯ ಅಂಚಿನಲ್ಲಿ ಮುಖ ಒರೆಸಿಕೊಂಡರು. ಅಳುತ್ತಿದ್ದರು, ಮುಚ್ಚಿಡಲಿಲ್ಲ.

"ಆವತ್ತು ನಾನು ಇಷ್ಟೇ ಹೇಳಿದ್ದರೆ ಸಾಕಿತ್ತಲ್ಲ ಪೊನ್ನು" ಎಂದರು.

ಪೊನ್ನಪ್ಪ ಕೋವಿಯಿಂದ ತೋಟೆ ತೆಗೆದು ಜೇಬಿಗೆ ಹಾಕಿಕೊಂಡ. ಮಾವನ ಕೊಪ್ಪೆಗೆ ಸಿಕ್ಕಿಕೊಂಡಿದ್ದ ಮುಳ್ಳುಕಡ್ಡಿಗಳನ್ನು ಒಂದೊಂದಾಗಿ ಬಿಡಿಸಿದ. ಆಮೇಲೆ ರಟ್ಟೆ ಹಿಡಿದು ಎಬ್ಬಿಸಿದ.

"ಏಳಿ ಮಾವ. ಆಚೆ ಇನ್ನೊಂದು ಹಳು ಉಂಟು, ಮುತ್ತ ಕಾಯ್ತಾ ಇದ್ದಾನೆ."